ಹಳೇ ಬ್ಯಾಂಡ್ ನೋಡಲು ಹೊರಟ ಅರವತ್ತು ದಾಟಿದವರೇ, ಕಿವಿ ಜೋಪಾನ

ಇದನ್ನು ಬರೆಯುವಾಗಲೂ ನನ್ನ ಎಡಗಿವಿಯಲ್ಲಿ ಜೀರುಂಡೆ ಕೂಗುತ್ತಿದೆ. ನಾಲ್ಕು ತಿಂಗಳಾಯಿತು, ಒಂದು ಗಳಿಗೆಯೂ ನಿಂತಿಲ್ಲ.

ನನಗೀಗ 62. ಕಾಲೇಜಿನಲ್ಲಿದ್ದಾಗ ಗೆಳೆಯನ ಅಣ್ಣನ ರೆಕಾರ್ಡಿನಿಂದ ಟಿಡಿಕೆ ಕ್ಯಾಸೆಟ್‌ಗೆ ತುಂಬಿಸಿಕೊಂಡು, ಟೇಪು ಸವೆಯುವವರೆಗೆ ಕೇಳಿದ ಬ್ಯಾಂಡ್ ಒಂದಿತ್ತು. ಜಗಳವಾಡಿ ಬೇರೆಯಾಗಿದ್ದವರು ಮತ್ತೆ ಒಂದಾಗಿ ಬೆಂಗಳೂರಿಗೇ ಬರುತ್ತಾರೆ ಅಂತ ಸುದ್ದಿ ಬಂತು. ಬ್ಯಾಂಡಿನ ಹೆಸರು ಬೇಡ ಬಿಡಿ. ಅರ್ಧ ತಪ್ಪು ನನ್ನದೇ.

ಗ್ಯಾಲರಿಯಲ್ಲಿ ಕುರ್ಚಿ ಇತ್ತು, ಕಮ್ಮಿ ದುಡ್ಡಿಗೆ. ನಾನು ಅದನ್ನು ಬಿಟ್ಟು ವೇದಿಕೆ ಮುಂದೆ ನಿಂತು ನೋಡುವ ಫ್ಯಾನ್ ಪಿಟ್ ಟಿಕೆಟ್ ತಗೊಂಡೆ. ಯಾಕೆ ಅಂದರೆ 2003ರ ಏಪ್ರಿಲ್ 4ರ ನೆನಪು. ಅರಮನೆ ಮೈದಾನದಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್, ಮೇಲೆ ಧೋ ಅಂತ ಮಳೆ. ತೊಪ್ಪೆಯಾಗಿ ನಿಂತು ನೋಡಿ, ಮರುದಿನ ಸ್ಕೂಟರ್ ಹತ್ತಿ ಕೆಲಸಕ್ಕೂ ಹೋಗಿದ್ದೆ. ಆಗ ಅವರ ಗಾಯಕ ಮಿಕ್ ಜಾಗರ್‌ಗೆ 59. ಆ ವಯಸ್ಸಲ್ಲಿ ಅವನು ಓಡಬಹುದಾದರೆ, ನಾನು ಸುಮ್ನೆ ನಿಲ್ಲಲಾರೆನಾ? ಹೀಗಿತ್ತು ನನ್ನ ಲೆಕ್ಕ.

ಗೇಟ್ ತೆರೆದಿದ್ದು ನಾಲ್ಕು ಗಂಟೆಗೆ. ಚೆಕಿಂಗ್‌ನಲ್ಲಿ ನೀರಿನ ಬಾಟಲಿ ಹೋಯಿತು. ಬಿಪಿ ಮಾತ್ರೆಯನ್ನೂ ಕಿತ್ತುಕೊಳ್ಳಲು ಬಂದರು, ಚೀಟಿ ತೋರಿಸಿದ ಮೇಲೆ ಬಿಟ್ಟರು. ಒಳಗೆ ನೋಟು ನಡೆಯಲ್ಲ, ಕೈಗೆ ಕಟ್ಟಿದ ಪಟ್ಟಿಗೆ ದುಡ್ಡು ತುಂಬಿಸಬೇಕು. ಉಳಿದದ್ದು ವಾಪಸ್ ಬರುತ್ತದೆ ಅಂದರು. ಇನ್ನೂ ಬಂದಿಲ್ಲ.

ಮುಖ್ಯ ಬ್ಯಾಂಡ್ ಬಂದಿದ್ದು ಎಂಟೂ ಕಾಲಿಗೆ. ಅಷ್ಟು ಹೊತ್ತಿಗೆ ನನ್ನ ಮಂಡಿ ಮುಷ್ಕರ ಹೂಡಿತ್ತು. ಪಿಟ್‌ನಲ್ಲಿ ಕೂರಲು ಬಿಡಲ್ಲ, ಕೂತರೆ ತುಳಿಯುತ್ತಾರೆ. ಒರಗಲು ಏನಾದರೂ ಸಿಕ್ಕೀತಾ ಅಂತ ತಳ್ಳಿಕೊಂಡು ಹೋಗಿ ಎಡಗಡೆಯ ಬ್ಯಾರಿಕೇಡ್ ಹಿಡಿದುಕೊಂಡೆ. ಅಲ್ಲಿ ಜನ ಕಮ್ಮಿ ಇದ್ದರು. ಯಾಕೆ ಕಮ್ಮಿ ಅಂತ ಯೋಚಿಸಬೇಕಿತ್ತು, ಅಲ್ವಾ? ಮುಂದೆಯೇ ಆಳೆತ್ತರದ ಸ್ಪೀಕರ್ ಗೋಡೆ.

ಮೊದಲ ಡ್ರಮ್ ಪೆಟ್ಟಿಗೆ ಅಂಗಿ ಎದೆಯ ಮೇಲೆ ಅದುರಿತು. ಪಕ್ಕದ ಹುಡುಗ ಫೋನಿನಲ್ಲಿ ಸದ್ದು ಅಳೆದು ತೋರಿಸಿ ನಕ್ಕ: 106 ಡೆಸಿಬೆಲ್. ನಾನೂ ನಕ್ಕೆ. ಕಿವಿಯಲ್ಲಿ ನನ್ನವಳು ಕೊಟ್ಟ ಹತ್ತಿ ಇತ್ತಲ್ಲ, ಆ ಧೈರ್ಯ.

ಆಮೇಲೆ ಕಲಿತ ಲೆಕ್ಕ ಇದು. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 106ಕ್ಕೆ ಬಂದಾಗ ಉಳಿಯುವುದು ನಾಲ್ಕು ನಿಮಿಷಕ್ಕೂ ಕಮ್ಮಿ. ನಾನು ನಿಂತಿದ್ದು ಎರಡು ಗಂಟೆ. ಹತ್ತಿ ಇಂಥ ಸದ್ದಿಗೆ ಸಾಲುವುದೇ ಇಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಸಾಕಿತ್ತು, ಅದಕ್ಕೆ ಒಂದು ಮಸಾಲೆದೋಸೆಯ ದುಡ್ಡೂ ಆಗಲ್ಲ. ಹಿಂಡಿ ಸಣ್ಣ ಮಾಡಿ, ಕಿವಿಯೊಳಗೆ ಪೂರ್ತಿ ತೂರಿಸಿ, ಉಬ್ಬುವ ತನಕ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸುಮ್ನೆ ಬಾಗಿಲಲ್ಲಿ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ.

ಇಷ್ಟಕ್ಕೂ ಹಾಡು ಹೇಗಿತ್ತು ಅಂತ ಕೇಳುತ್ತೀರಿ. ಮೂಲದ ಐವರಲ್ಲಿ ಬಂದಿದ್ದು ಇಬ್ಬರು. ಗಾಯಕನ ಗಂಟಲಿಗಾಗಿ ಶ್ರುತಿ ಇಳಿಸಿದ್ದರು, ಮೇಲಿನ ಸ್ವರ ಬಂದಾಗ ಮೈಕನ್ನು ನಮ್ಮ ಕಡೆ ತಿರುಗಿಸುತ್ತಿದ್ದ. ನಾವೇ ಕಿರುಚಿದೆವು. ಆದರೂ ಆ ಹಳೇ ಗಿಟಾರ್ ತುಣುಕು ಶುರುವಾದಾಗ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ.

ರಾತ್ರಿ ಕ್ಯಾಬ್ ಸಿಗದೆ ಎರಡು ಕಿಲೋಮೀಟರ್ ಕುಂಟಿಕೊಂಡು ನಡೆದೆ. ಊರೆಲ್ಲ ಕಂಬಳಿ ಹೊದ್ದ ಹಾಗಿತ್ತು, ಹಾರ್ನ್ ಕೂಡ ದೂರದಲ್ಲೆಲ್ಲೋ ಕೇಳಿದಂತೆ. ಕಿವಿಯೊಳಗೆ ಮಾತ್ರ ಗುಂಯ್. ‘ಎರಡು ದಿನದಲ್ಲಿ ಹೋಗುತ್ತೆ ಬಿಡೋ’ ಅಂದ ಗೆಳೆಯ. ಅವನ ಮಾತು ನಂಬಿ 18 ದಿನ ಕಾದೆ. ನಾನು ಮಾಡಿದ ದೊಡ್ಡ ತಪ್ಪು ಇದೇ.

ಡಾಕ್ಟರು ಕಿವಿ ಪರೀಕ್ಷೆಯ ಗ್ರಾಫ್ ತೋರಿಸಿದರು. 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದಿನ ಕಡೆ, ಗೆರೆ ಗುಂಡಿಗೆ ಬಿದ್ದಿತ್ತು. ಜೋರು ಸದ್ದಿನಿಂದ ಹಾಳಾದ ಕಿವಿಯ ಗುರುತು ಅದಂತೆ. ‘ಯಜಮಾನ್ರೇ, ಮೊದಲ ಎರಡು ಮೂರು ದಿನದಲ್ಲೇ ಬಂದಿದ್ದರೆ ಸ್ಟೀರಾಯ್ಡ್ ಕೊಟ್ಟು ನೋಡಬಹುದಿತ್ತು’ ಅಂದರು. ಒಳಗಿವಿಯ ರೋಮದಂಥ ಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ದುಡ್ಡು ಪಡೆದು ಹಾಡುವವರಿಗೂ ರಿಯಾಯಿತಿ ಇಲ್ಲ ನೋಡಿ: ಎಸಿ/ಡಿಸಿ ರಾಕ್ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೇ ಪ್ರವಾಸ ಅರ್ಧಕ್ಕೆ ಬಿಡಬೇಕಾಯಿತು.

ಹೋಗಬೇಡಿ ಅನ್ನುತ್ತಿಲ್ಲ. ಕುರ್ಚಿ ಟಿಕೆಟ್ ತಗೊಳ್ಳಿ, ಯಾರು ಯಾರು ಬರುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ, ಸ್ಪೀಕರಿನಿಂದ ದೂರ ಇರಿ. ಮರುದಿನ ಬೆಳಿಗ್ಗೆಯೂ ಗುಂಯ್ ಅಂದರೆ ಗೆಳೆಯನಿಗೆ ಫೋನ್ ಮಾಡಬೇಡಿ, ಇಎನ್‌ಟಿ ಡಾಕ್ಟರ ಹತ್ತಿರ ಓಡಿ.

ಈಗ ರಾತ್ರಿ ಫ್ಯಾನಿನ ಸದ್ದಿಲ್ಲದೆ ನಿದ್ದೆ ಬರಲ್ಲ, ಚಳಿಯಲ್ಲೂ. ಮೊನ್ನೆ ನನ್ನವಳು ‘ಮೂರು ಕೂಗಿದರೆ ಕುಕ್ಕರ್ ಆರಿಸ್ರೀ’ ಅಂತ ಹೇಳಿ ಅಂಗಡಿಗೆ ಹೋದಳು. ಕಿವಿಯಲ್ಲಿ ಅದೇ ಕೂಗು ಇರುವವನಿಗೆ ಕುಕ್ಕರಿನದು ಯಾವುದು ಅಂತ ಹೇಗೆ ತಿಳಿಯಬೇಕು? ಅವಳು ಬರುವಷ್ಟರಲ್ಲಿ ಬೇಳೆ ತಳ ಹಿಡಿದಿತ್ತು.