ಯೂಟ್ಯೂಬೋ ದೀಕ್ಷಾನೋ, ತರಗತಿಗೆ ಯಾವುದು?

ಹೃದಯದ ಪಾಠಕ್ಕೆ ವಿಡಿಯೊ ಬೇಕೇ ಬೇಕು, ಕವಾಟ ತೆರೆದು ಮುಚ್ಚುವುದನ್ನು ಬೋರ್ಡ್ ಮೇಲೆ ಎಷ್ಟೂಂತ ಬರೆದು ತೋರಿಸುವುದು? ಯೂಟ್ಯೂಬಲ್ಲಿ ಆಯ್ಕೆ ಜಾಸ್ತಿ. ಆದರೆ ನಡುವೆ ಜಾಹೀರಾತು, ಮುಗಿದ ಕೂಡಲೇ ಇನ್ನೇನೋ ತಾನಾಗೇ ಶುರು. ಆಟೋಪ್ಲೇ ಆಫ್ ಮಾಡಿಯೇ ಹಾಕಿ. ನೆಟ್ ಕೈಕೊಟ್ಟರಂತೂ ಪರದೆ ಮೇಲೆ ಗುಂಡಗೆ ತಿರುಗುವುದನ್ನೇ 40 ಮಕ್ಕಳು ನೋಡ್ತಾ ಕೂರಬೇಕು, ನನಗೆ ಒಮ್ಮೆ ಅರ್ಧ ಪೀರಿಯಡ್ ಹಾಗೇ ಹೋಯಿತು. 2017ರಲ್ಲಿ ಬಂದ, ಶಾಲಾ ಪಾಠಗಳ ಸರ್ಕಾರಿ ಆ್ಯಪ್ ಆದ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೇರ ಆ ಪಾಠಕ್ಕೇ ಹೋಗುತ್ತದೆ, ಹುಡುಕಾಟವಿಲ್ಲ. ಸಾಕಷ್ಟನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಬಹುದು. ಕೆಲವು ಮಾತ್ರ ಸಪ್ಪೆ, ಸುಮ್ನೆ ಪುಸ್ತಕ ಓದಿದ ಹಾಗೆ. ನೆಟ್ ನಂಬುವ ಹಾಗಿಲ್ಲದ ಶಾಲೆಗೆ ದೀಕ್ಷಾನೇ ಸರಿ. ವೈಫೈ ಗಟ್ಟಿ ಇದ್ದರೆ ಯೂಟ್ಯೂಬ್, ಆದರೆ ಹಿಂದಿನ ರಾತ್ರಿಯೇ ಪೂರ್ತಿ ನೋಡಿಟ್ಟುಕೊಳ್ಳಿ.