ಊರಿಲ್ಲದ ಟೀಮು, ಚೆಂದದ ಮೈದಾನ: ಸ್ಯಾಕ್ರಮೆಂಟೊದಲ್ಲಿ ಒಂದು ಬೇಸ್‌ಬಾಲ್ ಭಾನುವಾರ

ಮೊದ್ಲೇ ಹೇಳ್ಬಿಡ್ತೀನಿ, ಈ ವಿಷ್ಯದಲ್ಲಿ ನಾನು ನ್ಯೂಟ್ರಲ್ ಅಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದ ಹೊಸದ್ರಲ್ಲಿ ಬೇಸ್‌ಬಾಲ್ ಅಂದ್ರೆ ಮೂರು ಗಂಟೆ ಏನೂ ನಡೀದೇ ಇರೋ ಆಟ ಅಂದ್ಕೊಂಡಿದ್ದೆ, ಆಮೇಲೆ ನಮ್ಮನೇವ್ರು ಒಂದ್ಸಲ ಓಕ್‌ಲ್ಯಾಂಡ್ ಕೊಲಿಸಿಯಂ ಮೈದಾನಕ್ಕೆ ಎಳ್ಕೊಂಡ್ ಹೋದ್ರು, ರೈಟ್ ಫೀಲ್ಡ್ (ಮೈದಾನದ ಬಲಗಡೆ ದೂರದ ಭಾಗ) ಹಿಂದೆ ಡ್ರಮ್ ಬಡೀತಾ ದೊಡ್ಡ ದೊಡ್ಡ ಬಾವುಟ ಬೀಸ್ತಾ ಇರೋ ಗುಂಪಿನ ಪಕ್ಕ ಸೀಟ್ ಸಿಕ್ತು, ಅಷ್ಟೇ, ಅವತ್ತಿಂದ ನಾನು ಓಕ್‌ಲ್ಯಾಂಡ್‌ನ ಅಥ್ಲೆಟಿಕ್ಸ್ ಅನ್ನೋ ಟೀಮಿನ ಕಡೆಯವ್ಳು. ಟೀಮನ್ನ ಎಲ್ರೂ ಕರೆಯೋದು ಏಸ್ ಅಂತ. 2024ರಲ್ಲಿ ಟೀಮು ಲಾಸ್ ವೇಗಸ್‌ಗೆ ಹೋಗ್ತೀವಿ, ಅಲ್ಲಿ ಮೈದಾನ ಆಗೋ ತನಕ ಸ್ಯಾಕ್ರಮೆಂಟೊ ಕಡೆ ಆಡ್ತೀವಿ ಅಂತ ಓಕ್‌ಲ್ಯಾಂಡ್ ಬಿಟ್ಟಾಗ ಇನ್ಮೇಲೆ ಇವ್ರಿಗೆ ಒಂದ್ ಡಾಲರ್ ಕೊಡಲ್ಲ ಅಂತ ಶಪಥ ಮಾಡಿದ್ದೆ. ಒಂಬತ್ತು ವರ್ಷದ ಮಗಳು ಹಟ ಹಿಡಿದ್ಲು, ಶಪಥ ಮುರೀತು. 2025ರ ಬೇಸಿಗೇಲಿ ಒಂದು ಭಾನುವಾರ ಸ್ಯಾಕ್ರಮೆಂಟೊಗೆ ಹೋಗಿದ್ದರ ರಿವ್ಯೂ ಇದು.

ಕಾರ್ ಬೇಡ ಅಂತ ಕ್ಯಾಪಿಟಲ್ ಕಾರಿಡಾರ್ ಟ್ರೈನ್ ಹತ್ತಿದ್ವಿ. ನಿಧಾನ ಅನ್ನೋದು ಬಿಟ್ರೆ ಒಳ್ಳೆ ಟ್ರೈನು, ಆದ್ರೆ ಏಸ್ ಅಭಿಮಾನಿಗಳಿಗೆ ಇದ್ರಲ್ಲಿ ಹೋಗೋದು ಅಂದ್ರೆ ಹಳೇ ಗಾಯ ಕೆರ್ಕೊಂಡಂಗೆ. ಸ್ವಲ್ಪ ಹೊತ್ತಿಗೇ ಕೊಲಿಸಿಯಂ ಸ್ಟೇಷನ್ ಬರತ್ತೆ. ಪಕ್ಕದಲ್ಲೇ 1966ರಲ್ಲಿ ಓಪನ್ ಆದ ಆ ಸಿಮೆಂಟಿನ ಬಟ್ಟಲು, ಸುತ್ತ ಖಾಲಿ ಪಾರ್ಕಿಂಗ್ ಲಾಟು. ನಿಜ ಹೇಳ್ಬೇಕಂದ್ರೆ ಕಟ್ಟಡ ಹಾಳಾಗಿತ್ತು, 2013ರಲ್ಲಿ ಆಟಗಾರರ ರೂಮಿಗೆ ಚರಂಡಿ ನೀರು ಉಕ್ಕಿ ನ್ಯೂಸ್ ಆಗಿತ್ತು, 2023ರಲ್ಲಿ ಕಾಮೆಂಟರಿ ಬೂತ್ ಒಳಗೆ ಪಾಸಮ್ (ಬೆಕ್ಕಿನಷ್ಟಿರೋ ಒಂದು ಕಾಡುಪ್ರಾಣಿ) ಮನೆ ಮಾಡ್ಕೊಂಡಿತ್ತು. ರೇಡರ್ಸ್ ಫುಟ್‌ಬಾಲ್ ಟೀಮನ್ನ ವಾಪಸ್ ಕರೆಸೋಕೆ ಅಂತ ತೊಂಬತ್ತರ ದಶಕದಲ್ಲಿ ಒಂದು ದೈತ್ಯ ಸ್ಟ್ಯಾಂಡ್ ಕಟ್ಟಿ ಹಿಂದಿನ ಬೆಟ್ಟಗಳೇ ಕಾಣದಂಗೆ ಮಾಡಿದ್ರು, ಮಜಾ ಏನಂದ್ರೆ ಆ ರೇಡರ್ಸೂ 2020ರಲ್ಲಿ ವೇಗಸ್‌ಗೆ ಹೋದ್ರು, ಸ್ಟ್ಯಾಂಡ್ ಮಾತ್ರ ಉಳೀತು. ಹೊಸ ಮೈದಾನ ಬೇಕಿತ್ತು, ಅದ್ರಲ್ಲಿ ಎರಡು ಮಾತಿಲ್ಲ. ಹೊಸ ಊರು ಬೇಕಿತ್ತಾ ಅನ್ನೋದು ಬೇರೆ ಪ್ರಶ್ನೆ.

ಮುಂದಿನ ಸ್ಟಾಪು ಜಾಕ್ ಲಂಡನ್ ಸ್ಕ್ವೇರ್. ಅಲ್ಲಿ ಟ್ರೈನು ರಸ್ತೆ ಮಧ್ಯದಲ್ಲೇ ಮೆಲ್ಲಗೆ ಹೋಗತ್ತೆ, ಮಗಳಿಗೆ ಅದು ಭಾರೀ ಖುಷಿ. ನಾನು ಕಿಟಕಿಯಿಂದ ನೋಡ್ತಿದ್ದಿದ್ದು ಹೋವರ್ಡ್ ಟರ್ಮಿನಲ್ ಕಡೆ. ನೀರಿನ ಪಕ್ಕ ಈ ಜಾಗದಲ್ಲೇ 35,000 ಸೀಟಿನ ಮೈದಾನ, ಮನೆ, ಹೋಟೆಲ್, ಎಲ್ಲ ಸೇರಿ 12 ಬಿಲಿಯನ್ ಡಾಲರಿನ ಪ್ಲ್ಯಾನು ಅಂತ ಏಸ್‌ನವ್ರು 2018ರಿಂದ ಚಿತ್ರ ತೋರಿಸ್ತಾ ಬಂದ್ರು. 2023ರ ಏಪ್ರಿಲ್‌ನಲ್ಲಿ ಒಂದಿನ ಬೆಳಗಾಗೋ ಹೊತ್ತಿಗೆ ವೇಗಸ್‌ನಲ್ಲಿ ಜಾಗ ನೋಡಿದೀವಿ ಅಂದ್ರು. ಇನ್ನೂ ಹಿಂದೆ, 2006ರಲ್ಲಿ, ನಮ್ಮ ಫ್ರೀಮಾಂಟ್‌ಗೇ ಬರ್ತೀವಿ ಅಂದಿದ್ರು, 2009ರಲ್ಲಿ ಅದೂ ಬಿತ್ತು. ಆಮೇಲೆ ಸ್ಯಾನ್ ಹೋಸೆ ಅಂದ್ರು, ಅದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ಟೀಮು ಬಿಡ್ಲಿಲ್ಲ, ಆ ಏರಿಯಾದ ಹಕ್ಕು ಅವ್ರದ್ದು. ತಮಾಷೆ ಅಂದ್ರೆ ಆ ಹಕ್ಕನ್ನ 1990ರ ಆಸುಪಾಸಿನಲ್ಲಿ ಜೈಂಟ್ಸ್‌ಗೆ ಪುಕ್ಸಟ್ಟೆ ಬಿಟ್ಕೊಟ್ಟಿದ್ದು ಏಸ್‌ನ ಆಗಿನ ಓನರ್ರೇ, ಪಕ್ಕದ ಟೀಮು ಕಷ್ಟದಲ್ಲಿದೆ ಪಾಪ ಅಂತ.

ಸರಿ, ಮೈದಾನಕ್ಕೆ ಬರ್ತೀನಿ. ಸ್ಟೇಷನ್ನಿಂದ ಹಳೇ ಸ್ಯಾಕ್ರಮೆಂಟೊ ದಾಟಿ, ಬಂಗಾರದ ಬಣ್ಣದ ಟವರ್ ಬ್ರಿಡ್ಜ್ ಮೇಲೆ ನಡ್ಕೊಂಡ್ ಹೋದ್ರೆ ಸಟರ್ ಹೆಲ್ತ್ ಪಾರ್ಕ್. ನದಿ ದಾಟಿದ ಮೇಲೆ ಅದು ವೆಸ್ಟ್ ಸ್ಯಾಕ್ರಮೆಂಟೊ, ಬೇರೆ ಊರು, ಅಂದ್ರೆ ಟೀಮು ಸ್ಯಾಕ್ರಮೆಂಟೊದಲ್ಲೂ ಇಲ್ಲ. ನಾನು ಟಿಕೆಟ್ ತಗೊಂಡಿದ್ದು ಒಂದು ರೀಸೇಲ್ ಆಪ್‌ನಲ್ಲಿ, ಹೆಸರು ಬೇಡ, ಗೇಟಿಗೆ ಬಂದ್ರೂ ಫೋನಿಗೆ ಟಿಕೆಟ್ ಬಂದಿರ್ಲಿಲ್ಲ, ಚಾಟ್‌ನಲ್ಲಿ ಗೋಗರೆದು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತ್ವಿ. ನೇರ ಟೀಮಿನ ಸೈಟ್‌ನಲ್ಲೇ ತಗೊಳ್ಳಿ.

ಒಳಗೆ ಹೋದ್ಮೇಲೆ ನನ್ನ ಸಿಟ್ಟು ಅರ್ಧ ಇಳೀತು, ಸುಳ್ಳು ಹೇಳಲ್ಲ. 2000ದಲ್ಲಿ ಮೈನರ್ ಲೀಗ್ (ಕೆಳಗಿನ ದರ್ಜೆ) ಟೀಮಿಗೆ ಅಂತ ಕಟ್ಟಿದ್ದು, ಸುಮಾರು 14,000 ಜನ ಹಿಡಿಯತ್ತೆ ಅಷ್ಟೇ, ಹಾಗಾಗಿ ಎಲ್ಲಿ ಕೂತ್ರೂ ಆಟಗಾರರು ಹತ್ರ. ಚೆಂಡು ಕ್ಯಾಚರ್ ಗ್ಲೌಸ್‌ಗೆ ಬಿದ್ದ ಟಪ್ ಅನ್ನೋ ಸದ್ದು ನಮ್ ಸೀಟಿಗೆ ಕೇಳ್ಸತ್ತೆ, ಕೊಲಿಸಿಯಂನಲ್ಲಿ ಅದು ಟೀವಿಯಲ್ಲಿ ಮಾತ್ರ ಕೇಳ್ತಿತ್ತು. ರೈಟ್ ಫೀಲ್ಡ್ ಹಿಂದೆ ಹುಲ್ಲಿನ ದಿಬ್ಬ ಇದೆ, ಜನ ಬೆಡ್‌ಶೀಟ್ ಹಾಸ್ಕೊಂಡು ಮಕ್ಕಳ ಜೊತೆ ಉರುಳಾಡ್ತಿರ್ತಾರೆ. ಆದ್ರೆ ಮೇಜರ್ ಲೀಗ್ (ಎಲ್ಲಕ್ಕಿಂತ ಮೇಲಿನ ದರ್ಜೆ) ಮೈದಾನ ಅಂತ ಅನ್ಸಲ್ಲ. ಆಟಗಾರರ ರೂಮು ಔಟ್‌ಫೀಲ್ಡ್ ಆಚೆ ಇದೆ, ಡಗ್‌ಔಟ್ (ಆಟದ ಹೊತ್ತಲ್ಲಿ ಟೀಮು ಕೂರೋ ಜಾಗ) ಹಿಂದೆ ಅಲ್ಲ, ಅದಕ್ಕೆ ಮಧ್ಯದಲ್ಲಿ ಬದಲಾಯಿಸಿ ಹೊರಗೆ ಕಳಿಸಿದ ಪಿಚ್ಚರ್ (ಚೆಂಡು ಎಸೆಯೋನು) ಪಾಪ ಎಲ್ರ ಎದುರಿಗೆ ಹುಲ್ಲು ತುಳ್ಕೊಂಡು ನಡ್ಕೊಂಡ್ ಹೋಗ್ಬೇಕು. ಬಿಸಿಲಂತೂ ಕೇಳ್ಬೇಡಿ, ಇಲ್ಲಿ ಬೇಸಿಗೇಲಿ 38 ಡಿಗ್ರಿ ದಾಟೋದು ಮಾಮೂಲು. ಮೊದ್ಲು ಕೃತಕ ಹುಲ್ಲು ಹಾಕ್ಬೇಕು ಅಂತಿದ್ರಂತೆ, ಬಿಸಿಗೆ ಹೆದರಿ ನಿಜವಾದ ಹುಲ್ಲನ್ನೇ ಉಳಿಸ್ಕೊಂಡ್ರು, ಒಳ್ಳೇದೇ ಆಯ್ತು.

ಮೂರನೇ ಇನ್ನಿಂಗ್ಸ್‌ನಲ್ಲಿ ಮಗಳು ಕೇಳಿದ್ಲು, "ಅಮ್ಮಾ, ನಮ್ ಟೀಮಿನ ಊರ್ ಹೆಸ್ರು ಯಾಕೆ ಎಲ್ಲೂ ಬರ್ದಿಲ್ಲ?" ಉತ್ರ ಏನ್ ಕೊಡ್ಲಿ? ಇವ್ರು ಬರೀ ಅಥ್ಲೆಟಿಕ್ಸ್, ಮುಂದೆ ಊರಿಲ್ಲ. ಒಂದು ತೋಳಿನ ಮೇಲೆ ಟವರ್ ಬ್ರಿಡ್ಜ್ ಚಿತ್ರದ ಪ್ಯಾಚು, ಇನ್ನೊಂದ್ ತೋಳಿಗೆ ಲಾಸ್ ವೇಗಸ್ ಪ್ಯಾಚು. ಬಾಡಿಗೆ ಮನೇಲಿ ಕೂತ್ಕೊಂಡು ಗೋಡೆ ಮೇಲೆ ಮುಂದೆ ಕಟ್ಟೋ ಮನೆ ಫೋಟೋ ನೇತುಹಾಕ್ಕೊಂಡಂಗೆ. ಸ್ಯಾಕ್ರಮೆಂಟೊ ಜನಕ್ಕೆ ಇದಕ್ಕಿಂತ ಅವಮಾನ ಬೇಕಾ, ಮೂರು ವರ್ಷ ನಮ್ಮ ಟೀಮಿಗೆ ಚಪ್ಪಾಳೆ ತಟ್ಟಿ, ಹೆಸರು ಮಾತ್ರ ಕೇಳ್ಬೇಡಿ ಅಂತ.

ಈಗ ಎಲ್ರೂ ಕೇಳೋ ಮಾತು, ಮೈದಾನಕ್ಕೆ ಜನಾನೇ ಬರದೇ ಇದ್ರೆ ಟೀಮು ಏನ್ ಮಾಡ್ಬೇಕು, ಹೋಗ್ಲಿ ಬಿಡಿ ಅಂತ. ನನಗೆ ಇಲ್ಲೇ ಉರಿಯೋದು. 2019ರಲ್ಲಿ ಇದೇ ಟೀಮು 97 ಗೇಮ್ ಗೆದ್ದಾಗ ಸೀಸನ್‌ಗೆ 16 ಲಕ್ಷ ದಾಟಿ ಜನ ಬಂದಿದ್ರು, ವೈಲ್ಡ್ ಕಾರ್ಡ್ ಅನ್ನೋ ನಾಕೌಟ್ ಗೇಮಿಗೆ ಒಂದೇ ರಾತ್ರಿ 54,005 ಜನ. ಆಮೇಲೆ 2022ರಲ್ಲಿ ಒಳ್ಳೊಳ್ಳೆ ಆಟಗಾರರನ್ನ ಬೇರೆ ಟೀಮಿಗೆ ಕೊಟ್ರು: ಮ್ಯಾಟ್ ಓಲ್ಸನ್‌ನ ಕಳಿಸಿದ್ರು, ಮ್ಯಾಟ್ ಚಾಪ್‌ಮನ್‌ನ ಕಳಿಸಿದ್ರು, ವರ್ಷದ ಕೊನೇಗೆ ಶಾನ್ ಮರ್ಫಿನೂ ಹೋದ. 2023ರಲ್ಲಿ 50 ಗೆದ್ದು 112 ಸೋತ್ರು, ಜನ 8.3 ಲಕ್ಷಕ್ಕೆ ಇಳಿದ್ರು. ಅಂಗಡೀಲಿ ಒಳ್ಳೆ ಮಾಲೆಲ್ಲಾ ತೆಗೆದು ಬೇರೆಯವ್ರಿಗೆ ಕೊಟ್ಟು, ಬರೀ ಕಪಾಟು ಇಟ್ಕೊಂಡು, ಈ ಬೀದೀಲಿ ವ್ಯಾಪಾರಾನೇ ಇಲ್ಲ ಅಂದ್ರೆ ಹೇಗೆ? 2023ರ ಜೂನ್ 13ಕ್ಕೆ ಅಭಿಮಾನಿಗಳೇ ಸೇರಿ ರಿವರ್ಸ್ ಬಾಯ್‌ಕಾಟ್ ಅಂತ, ಅಂದ್ರೆ ಬಹಿಷ್ಕಾರದ ಬದ್ಲು ಗುಂಪಾಗಿ ಬಂದು ಪ್ರತಿಭಟನೆ, ಮಾಡಿದ್ರಲ್ಲ, ಅವತ್ತು ನಾವೂ ಇದ್ವಿ. ಮಂಗಳವಾರ ರಾತ್ರಿ, 27,759 ಜನ, ಎಲ್ಲೆಲ್ಲೂ 'ಸೆಲ್' ಅಂತ ಬರ್ದಿರೋ ಹಸಿರು ಟೀಶರ್ಟು, ಓನರ್ ಜಾನ್ ಫಿಶರ್ ಟೀಮ್ ಮಾರ್ಲಿ ಅಂತ ಕೂಗು. ಗೇಮೂ 2-1ರಲ್ಲಿ ಗೆದ್ರು. ಐದು ತಿಂಗಳಾದ್ಮೇಲೆ ಲೀಗಿನ 30 ಓನರ್‌ಗಳೂ ಸೇರಿ ಸ್ಥಳಾಂತರಕ್ಕೆ ಓಟು ಹಾಕಿದ್ರು, ಒಂದೂ ವಿರೋಧ ಇಲ್ಲ.

ಹಾಗಂತ ಊರು ಬಿಡೋದೇ ಪಾಪ ಅಂತ ನಾನು ಹೇಳ್ತಿಲ್ಲ. ಈ ಟೀಮೇ ಫಿಲಡೆಲ್ಫಿಯಾದಿಂದ ಕ್ಯಾನ್ಸಸ್ ಸಿಟಿಗೆ, ಅಲ್ಲಿಂದ 1968ಕ್ಕೆ ಓಕ್‌ಲ್ಯಾಂಡ್‌ಗೆ ಬಂದಿದ್ದು, ಬರ್ದೇ ಇದ್ರೆ 1972, 73, 74ರ ವರ್ಲ್ಡ್ ಸೀರೀಸ್ (ಲೀಗಿನ ಫೈನಲ್) ಕಪ್ ನಮ್ಗೆಲ್ಲಿರ್ತಿತ್ತು. ಮಾಂಟ್ರಿಯಲ್ ಟೀಮು 2005ರಲ್ಲಿ ವಾಷಿಂಗ್ಟನ್‌ಗೆ ಹೋಗಿ 2019ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದೂ ನಿಜ. ಆದ್ರೆ ವಾಷಿಂಗ್ಟನ್ ದೊಡ್ಡ ಮಾರ್ಕೆಟ್ಟು. ಇಲ್ಲಿ ಅಮೆರಿಕದ ಮೊದಲ ಹತ್ತು ಟೀವಿ ಮಾರ್ಕೆಟ್‌ನಲ್ಲಿರೋ ಬೇ ಏರಿಯಾ (ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಬಿಟ್ಟು ನಲವತ್ತರ ಆಸುಪಾಸಿನಲ್ಲಿರೋ ವೇಗಸ್‌ಗೆ ಹೋಗ್ತಿದಾರೆ, ಕಾರಣ ನೆವಾಡಾ ಸರ್ಕಾರ ಕೊಡೋ 380 ಮಿಲಿಯನ್ ಡಾಲರ್ ತನಕದ ಸಾರ್ವಜನಿಕ ಹಣ. ಹಳೇ ಟ್ರಾಪಿಕಾನ ಹೋಟೆಲ್ ಉರುಳಿಸಿದ 9 ಎಕರೇಲಿ 33,000 ಸೀಟು, 2028ಕ್ಕೆ ಓಪನ್ ಅಂತೆ. ಊರಿಗೆ ಬಂದಿರೋ ಟೂರಿಸ್ಟು ಒಂದ್ಸಲ ನೋಡ್ತಾನೆ, ಎರಡ್ಸಲ ನೋಡ್ತಾನೆ. ವರ್ಷಕ್ಕೆ 81 ಹೋಂ ಗೇಮು ಸ್ವಾಮಿ.

ಇನ್ನು ಸ್ಟಾರು. ಮೈದಾನಕ್ಕೆ 4, ಬಿಸಿಲಿಗೆ ಒಂದು ಕಟ್. ಟ್ರೈನಿಗೆ 4. ಓನರ್ ತೀರ್ಮಾನಕ್ಕೆ ಒಂದೂ ಇಲ್ಲ. ಮಧ್ಯಾಹ್ನದ ಗೇಮಿಗೆ ಟೋಪಿ, ಸನ್‌ಸ್ಕ್ರೀನ್ ಮರೀಬೇಡಿ, ಸಾಧ್ಯ ಆದ್ರೆ ರಾತ್ರಿ ಗೇಮಿಗೇ ಹೋಗಿ, ಸಂಜೆ ನದಿ ಡೆಲ್ಟಾ ಕಡೆಯಿಂದ ತಣ್ಣನೆ ಗಾಳಿ ಬೀಸತ್ತೆ, ಆದ್ರೆ ವಾಪಸ್ ಟ್ರೈನು ಸಿಗತ್ತಾ ಮೊದ್ಲೇ ನೋಡ್ಕೊಳ್ಳಿ. ನಮ್ಮ ಮಗಳಂತೂ ಬರೋವಾಗ ಟ್ರೈನ್‌ನಲ್ಲಿ ನಿದ್ದೆ ಹೋಗಿದ್ಲು, ಕೊಲಿಸಿಯಂ ಬಂದಾಗ ಎಬ್ಬಿಸ್ಲಿಲ್ಲ. ಮುಂದಿನ ಸೀಸನ್‌ಗೆ ಓಕ್‌ಲ್ಯಾಂಡ್‌ನಲ್ಲೇ ರೇಮಂಡಿ ಪಾರ್ಕ್‌ನಲ್ಲಿ ಆಡೋ ಬ್ಯಾಲರ್ಸ್ ಗೇಮಿಗೆ ಕರ್ಕೊಂಡ್ ಹೋಗ್ತೀನಿ, 2024ರಲ್ಲಿ ಶುರುವಾದ ಸಣ್ಣ ಲೀಗಿನ ಟೀಮು, ಅದರ ರಿವ್ಯೂ ಆಮೇಲೆ ಹಾಕ್ತೀನಿ.