ಹುಡ್ ಸೋರಿದರೆ ಬಾಗಿಲು ನೋಡಿ: 1966ರ ಎಂಜಿಬಿಗೆ ಹಾಕಿದ ಮೋಹೇರ್ ಹುಡ್ ಕಿಟ್ ಮತ್ತು ಇನ್ನಷ್ಟು

ಮಳೆ ಬಂದರೆ ಚಾಲಕನ ಬದಿಯ ಗಾಜಿನ ಮೇಲಂಚಿನಿಂದ ನೀರು ತೊಟ್ಟಿಕ್ಕಿ ನೇರವಾಗಿ ನನ್ನ ಮೊಣಕಾಲಿನ ಮೇಲೆ ಬೀಳುತ್ತಿತ್ತು. ಎರಡು ವರ್ಷ ನಾನು ಅದಕ್ಕೆ ಹುಡ್‌ನ ಬಟ್ಟೆಯನ್ನೇ ದೂರಿದೆ. ಹುಡ್ ಅಂದರೆ ತೆರೆದ ಕಾರಿನ ಮೇಲೆ ಹೊದಿಸುವ, ಮಡಚಿಡಬಹುದಾದ ಬಟ್ಟೆಯ ಮಾಡು. ಹಳೆಯದನ್ನು ಕಿತ್ತು ಹೊಸ ವಿನೈಲ್ ಹುಡ್ ಹಾಕಿಸಿದೆ. ನೀರು ಅದೇ ಜಾಗದಲ್ಲಿ, ಅದೇ ಮೊಣಕಾಲಿನ ಮೇಲೆ ಬಿತ್ತು. ಈಗ ಕಾರಿನ ಮೇಲಿರುವುದು ಮೂರನೆಯ ಹುಡ್, ಮೋಹೇರ್ ಬಟ್ಟೆಯದು. ಎರಡು ಮಳೆಗಾಲ ಕಳೆದಿದೆ, ಒಂದು ಹನಿಯೂ ಒಳಗೆ ಬಂದಿಲ್ಲ. ಈ ವಿಮರ್ಶೆ ಮುಖ್ಯವಾಗಿ ಆ ಕಿಟ್ಟಿನದು. ಆದರೆ ಬಾಡಿಯ ಕಥೆ ಹೇಳದೆ ಹುಡ್‌ನ ಕಥೆ ಹೇಳಿದರೆ ಓದಿದವರಿಗೆ ಮೋಸ ಮಾಡಿದಂತಾಗುತ್ತದೆ.

ಎಂಜಿಬಿ ಎಂಬ ಈ ತೆರೆದ ಸ್ಪೋರ್ಟ್ಸ್ ಕಾರನ್ನು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಿಸಿದರು. ಎಂಜಿನ್ 1798 ಸಿಸಿಯದು, ಜೋಡಿ ಎಸ್‌ಯು ಕಾರ್ಬ್ಯುರೇಟರ್. ನನ್ನದು ಐದು ಮುಖ್ಯ ಬೇರಿಂಗ್‌ಗಳ ಎಂಜಿನ್, ಸರಿಯಾಗಿ ಆಯಿಲ್ ಬದಲಾಯಿಸಿದರೆ ತಕರಾರು ಮಾಡದ ಜಾತಿ. ಎಂಜಿನ್ ಬಗ್ಗೆ ಅಷ್ಟು ಸಾಕು. ಇದಕ್ಕೂ ಮುಂಚಿನ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು, ಎಂಜಿಬಿಗೆ ಇಲ್ಲ. ಬಾಡಿಯೇ ಚಾಸಿ. ತಲೆಯ ಮೇಲೆ ಉಕ್ಕಿನ ಮಾಡೂ ಇಲ್ಲದ್ದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಭಾರವೆಲ್ಲ ಬಾಗಿಲುಗಳ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ. ಆ ಸಿಲ್ ಒಂದೇ ತಗಡಲ್ಲ. ಹೊರತಗಡು, ಒಳತಗಡು, ನಡುವೆ ನಿಂತ ಇನ್ನೊಂದು ತಗಡು, ಅಡಿಯಲ್ಲಿ ಕ್ಯಾಸಲ್ ರೇಲ್ ಎಂದು ಕರೆಯುವ ಪಟ್ಟಿ. ನಾಲ್ಕೂ ಸೇರಿ ಪೆಟ್ಟಿಗೆಯಂತಾದಾಗ ಮಾತ್ರ ಅದಕ್ಕೆ ಬಲ.

ಮುಂಚಕ್ರದ ಹಿಂದೆ ಮಡ್‌ಗಾರ್ಡಿನೊಳಗೆ ಕೆಸರು ತಡೆಯಲು ಒಂದು ತಗಡಿದೆ. ಅದರ ಅಂಚಿನ ರಬ್ಬರ್ ಒಣಗಿ ಸೀಳಿದರೆ ಕೆಸರು ಹಿಂದಕ್ಕೆ ನುಗ್ಗಿ ಸಿಲ್‌ನ ತುದಿಯಲ್ಲಿ ಕುಳಿತುಕೊಳ್ಳುತ್ತದೆ. ಬಾಗಿಲಿನ ಅಡಿಯ ನೀರಿನ ತೂತುಗಳೂ ಮುಚ್ಚಿಹೋದರೆ ಬಾಗಿಲೂ ಕೆಳಗಿನಿಂದ ಕೊಳೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಬಣ್ಣ ಮಿಂಚುತ್ತಲೇ ಇರುತ್ತದೆ.

ನಾನು ಕೊಳ್ಳುವ ಮೊದಲು ಯಾರೋ ಈ ಕಾರಿಗೆ ಸಿಲ್ ಕೆಲಸ ಮಾಡಿದ್ದರು. ಕೊಳೆತ ಸಿಲ್‌ನ ಮೇಲೆಯೇ ಹೊಸ ಹೊರತಗಡನ್ನು ಟೋಪಿಯಂತೆ ತೊಡಿಸಿ, ಅಂಚಿಗೆ ಪುಟ್ಟಿ ಬಳಿದು, ಬಣ್ಣ ಹೊಡೆದಿದ್ದರು. ಅಷ್ಟು ಮಾಡುವಾಗಲೂ ಬಾಡಿಗೆ ಆಧಾರ ಕೊಟ್ಟಿರಲಿಲ್ಲ. ಕಾರು ನಡುವಿನಲ್ಲಿ ಸ್ವಲ್ಪ ಜೋತು, ಜೋತ ಸ್ಥಿತಿಯಲ್ಲೇ ಗಟ್ಟಿಯಾಗಿತ್ತು. ಬಾಗಿಲಿನ ಹಿಂದಿನ ಸಂದು ಕೆಳಗೆ ಅಗಲ, ಮೇಲೆ ಕಿರಿದು. ಮುಂದಿನ ಗಾಜಿನ ಚೌಕಟ್ಟಿಗೂ ಸೀಟುಗಳ ಹಿಂದಿನ ಚಪ್ಪಟೆ ತಗಡಾದ ಡೆಕ್ಕಿಗೂ ನಡುವಿನ ಅಳತೆ ಕಡಿಮೆಯಾಗಿತ್ತು. ಹುಡ್ ಹೊಲಿದವರು ಸರಿಯಾದ ಅಳತೆಗೇ ಹೊಲಿದಿದ್ದರು. ಅಳತೆ ತಪ್ಪಿದ್ದು ಕಾರು. ಬಟ್ಟೆ ಗಾಜಿನ ಮೇಲೆ ಬಿಗಿಯಾಗಿ ಕೂರದೆ ಸಡಿಲ ಬೀಳುತ್ತಿತ್ತು, ಆ ಸಡಿಲದಲ್ಲಿ ನೀರು ದಾರಿ ಮಾಡಿಕೊಳ್ಳುತ್ತಿತ್ತು.

ಹಳೆಯ ಕನ್ವರ್ಟಿಬಲ್ ನೋಡಲು ಹೋಗುವವರಿಗೆ ಒಂದೇ ಪರೀಕ್ಷೆ ಹೇಳುತ್ತೇನೆ. ಒಂದು ಬದಿಯನ್ನು ಜಾಕ್ ಮೇಲೆತ್ತಿ, ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ. ನೆಲದ ಮೇಲಿದ್ದಾಗ ಮುಚ್ಚಿದಷ್ಟೇ ಸಲೀಸಾಗಿ ಮುಚ್ಚಬೇಕು. ಚಿಲಕ ತಾಗಿದರೆ, ಮೇಲಿನ ಸಂದು ಕಿರಿದಾದರೆ, ಆ ಬಣ್ಣದ ಹೊಳಪಿಗೆ ಮರುಳಾಗಬೇಡಿ.

ಕೊನೆಗೆ ನನಗೆ ಸಿಕ್ಕಿದ್ದು ಇಬ್ಬರೇ ಕೆಲಸಗಾರರ ಸಣ್ಣ ಟಿಂಕರಿಂಗ್ ಗ್ಯಾರೇಜು. ಅವರ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮೊದಲ ವಾರ ಅವರು ಏನನ್ನೂ ಕತ್ತರಿಸಲಿಲ್ಲ, ಬರಿಯ ಅಳತೆ ಹಿಡಿದರು. ಬಾಡಿಯನ್ನು ಸರಿಯಾದ ಜಾಗಗಳಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಜೋತಿದ್ದ ನಡುವನ್ನು ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಎತ್ತಿದರು. ಬಾಗಿಲಿನ ತೆರಪಿಗೆ ಅಡ್ಡಲಾಗಿ ಚೌಕ ಕೊಳವೆ ಬೆಸೆದು ಅಲುಗದಂತೆ ಕಟ್ಟಿದರು. ಆಮೇಲೆ ಒಂದು ಬದಿಯ ಸಿಲ್ ಕತ್ತರಿಸಿ ಪೂರ್ತಿ ಕಟ್ಟಿ ಮುಗಿಸಿದ ನಂತರವೇ ಇನ್ನೊಂದು ಬದಿಯನ್ನು ಮುಟ್ಟಿದರು. ಎಂಜಿಬಿಯ ಮುಂದಿನ ಮಡ್‌ಗಾರ್ಡ್ ಬೋಲ್ಟಿನಲ್ಲಿ ನಿಂತಿರುವುದರಿಂದ ಅದನ್ನು ಬಿಚ್ಚಿ ಸಿಲ್‌ನ ಮುಂತುದಿಯನ್ನು ನೋಡಬಹುದು. ಹಿಂದಿನದು ಬೆಸೆದಿದ್ದು, ಅಲ್ಲಿ ಕತ್ತರಿಸದೆ ದಾರಿಯಿಲ್ಲ. ಅವರು ಕತ್ತರಿಸಿದರು, ಒಳಗಿನ ತುಕ್ಕನ್ನು ನನ್ನನ್ನು ಕರೆದು ತೋರಿಸಿದರು. ಬೆರಳಿನಿಂದ ಒತ್ತಿದರೆ ತಗಡು ಹಪ್ಪಳದಂತೆ ಮುರಿಯಿತು.

ಪ್ರತಿ ಹಂತದಲ್ಲೂ ಬಾಗಿಲನ್ನು ಸಿಕ್ಕಿಸಿ, ಮುಚ್ಚಿ, ಮತ್ತೆ ಬಿಚ್ಚಿ ಇಡುತ್ತಿದ್ದರು. ಇಷ್ಟೊಂದು ಸಲ ಯಾಕೆ ಎಂದು ಕೇಳಿದ್ದಕ್ಕೆ ಹಿರಿಯ ವೆಲ್ಡರ್, "ನನಗೆ ಬಾಗಿಲೇ ಅಳತೆಕೋಲು ನೋಡಿ, ಟೇಪು ಸುಳ್ಳು ಹೇಳಬಹುದು, ಇದು ಹೇಳುವುದಿಲ್ಲ" ಎಂದರು. ಕೆಲಸ ಮುಗಿದ ದಿನ ನಾನು ರಟ್ಟಿನ ತುಂಡೊಂದನ್ನು ಮಡಚಿ ಬಾಗಿಲಿನ ಸಂದಿನಲ್ಲಿ ಮೇಲಿನಿಂದ ಕೆಳಗೆ ಎಳೆದೆ. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ಎಲ್ಲಿಯೂ ಸಡಿಲವಾಗಲಿಲ್ಲ. ಕಣ್ಣು ತುಂಬಿ ಬಂತು.

ಈಗ ಹುಡ್. ಅಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲಿ ಬೆಳೆದವಳು ನಾನು. ಬಟ್ಟೆಯನ್ನು ಕೈಯಲ್ಲಿ ಹಿಡಿದರೆ ಅದು ಯಾವ ಕಡೆಗೆ ಹಿಗ್ಗುತ್ತದೆ ಎಂದು ಗೊತ್ತಾಗುತ್ತದೆ. ಅದಕ್ಕೇ ಇದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಮೋಹೇರ್ ಎಂದು ಮಾರುವ ಈ ಬಟ್ಟೆ ಹೆಸರಿಗೆ ಮಾತ್ರ ಮೇಕೆಯ ಉಣ್ಣೆ. ಕೈಗೆ ಸಿಗುವುದು ಮೂರು ಪದರ: ಮೇಲೆ ನೇಯ್ದ ಅಕ್ರಿಲಿಕ್, ನಡುವೆ ರಬ್ಬರ್, ಒಳಗೆ ಇನ್ನೊಂದು ನೇಯ್ಗೆ. ನೀರನ್ನು ತಡೆಯುವುದು ನಡುವಿನ ರಬ್ಬರ್. ವಿನೈಲ್ ಹುಡ್ ಚಳಿಯಲ್ಲಿ ಕುಗ್ಗಿ ಬಿರುಸಾಗಿ, ಗುಂಡಿ ಹಾಕಲು ಹೆಬ್ಬೆರಳು ನೋಯುವಷ್ಟು ಎಳೆಸುತ್ತಿತ್ತು. ಇದು ಹಾಗಲ್ಲ. ತೂಕ ಜಾಸ್ತಿ, ಮಡಚಿದರೆ ದಪ್ಪ, ಆದರೆ ಎಳೆದಂತೆ ಬರುತ್ತದೆ.

ಕಿಟ್ಟಿನಲ್ಲಿ ಹೊಲಿದ ಹುಡ್, ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಕೂರುವ ಮುಂಪಟ್ಟಿಯ ರಬ್ಬರ್, ಗುಂಡಿಗಳ ಚೀಲ ಮತ್ತು ಒಂದೇ ಹಾಳೆಯ ಸೂಚನೆ ಇತ್ತು. ಹೊಲಿಗೆಯನ್ನು ಮೆಚ್ಚಲೇಬೇಕು. ಮೇಲಿನ ಎರಡೂ ಉದ್ದ ಜೋಡಣೆಗಳಲ್ಲಿ ಅಂಚನ್ನು ಮಡಚಿ ಎರಡು ಸಾಲು ಹೊಲಿದಿದ್ದಾರೆ, ಒಳಗಿನಿಂದ ಟೇಪು ಒತ್ತಿದ್ದಾರೆ. ಸೂಜಿ ತೂರಿದ ಕಡೆಯೆಲ್ಲ ರಬ್ಬರಿನಲ್ಲಿ ತೂತಾಗುತ್ತದೆ, ಆ ಟೇಪು ಇಲ್ಲದಿದ್ದರೆ ಒಂದು ಜೋರು ಮಳೆ ಸಾಕು, ಹೊಲಿಗೆಯ ಗುಂಟ ಹನಿ ಕಟ್ಟುತ್ತದೆ. ನೂಲು ಪಾಲಿಯೆಸ್ಟರ್, ಬಿಸಿಲಿಗೆ ಬೇಗ ಜಗ್ಗುವುದಿಲ್ಲ. ಸೂಚನೆಯ ಹಾಳೆ ಮಾತ್ರ ನಿಷ್ಪ್ರಯೋಜಕ. ಮೊದಲು ಗುಂಡಿಗಳ ತೂತು ಹಾಕಿ, ಆಮೇಲೆ ಮುಂಪಟ್ಟಿಗೆ ಅಂಟಿಸಿ ಎಂದು ಬರೆದಿದೆ. ಹಾಗೆ ಮಾಡಿದರೆ ಕೆಟ್ಟಿತು ಎಂದೇ ಲೆಕ್ಕ.

ನಾನು ಮಾಡಿದ್ದು ಹೀಗೆ. ಬಟ್ಟೆಯನ್ನು ಬೆಳಗಿನಿಂದ ಬಿಸಿಲಿನಲ್ಲಿ ಹಾಸಿ ಮೆತ್ತಗಾಗಲು ಬಿಟ್ಟೆ. ಗಾಜಿನ ಚೌಕಟ್ಟಿನ ಮೇಲಿನ ಮುಂಪಟ್ಟಿಯ ಮಧ್ಯಬಿಂದುವನ್ನು ಸೀಮೆಸುಣ್ಣದಿಂದ ಗುರುತಿಸಿ, ಬಟ್ಟೆಯ ಮಧ್ಯಕ್ಕೂ ಗುರುತು ಹಾಕಿದೆ. ಹಿಂಬದಿಯ ಲೋಹದ ಪಟ್ಟಿಯನ್ನು ಡೆಕ್ಕಿನ ಕೊಂಡಿಗಳಿಗೆ ಸಿಕ್ಕಿಸಿ, ಫ್ರೇಮ್ ಎತ್ತಿ, ಬಟ್ಟೆಯನ್ನು ಮುಂದಕ್ಕೆ ಎಳೆದು ಕ್ಲಿಪ್ಪುಗಳಿಂದ ಸುಮ್ಮನೆ ಹಿಡಿಸಿದೆ. ಅಂಟಿಲ್ಲ, ಗುಂಡಿಯಿಲ್ಲ. ಗಾಜುಗಳನ್ನು ಮೇಲಕ್ಕೆತ್ತಿ, ಬಾಗಿಲು ಮುಚ್ಚಿ, ಸುತ್ತ ನಡೆದು ನೋಡಿದೆ. ಎಡಗಡೆ ಒಂದು ಸುಕ್ಕು. ಮಧ್ಯಬಿಂದುವನ್ನು ನಾಲ್ಕು ಮಿಲಿಮೀಟರ್ ಬಲಕ್ಕೆ ಸರಿಸಿದೆ, ಸುಕ್ಕು ಹೋಯಿತು. ಆ ರಾತ್ರಿ ಹಾಗೆಯೇ ಬಿಟ್ಟೆ. ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಮ್ಮ ಅದನ್ನು ಒಂದು ರಾತ್ರಿ ಕಂಬಿಗೆ ನೇತು ಹಾಕುತ್ತಿದ್ದರು. ಅದರ ಭಾರಕ್ಕೆ ಅದು ಎಷ್ಟು ಇಳಿಯುತ್ತದೋ ಇಳಿಯಲಿ ಎಂದು. ಬೆಳಗ್ಗೆ ನೋಡಿದರೆ ಹುಡ್ ಬೆರಳಿನ ಅರ್ಧದಷ್ಟು ಹಿಗ್ಗಿತ್ತು. ಆಮೇಲೆ ಮುಂಪಟ್ಟಿಗೆ ಮಧ್ಯದಿಂದ ಎರಡೂ ಬದಿಗೆ ಅಂಟಿಸುತ್ತಾ ಹೋದೆ. ಗುಂಡಿಗಳಿಗೆ ತೂತು ಹಾಕಿದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಹಿಂದಿನ ಮಧ್ಯದಿಂದ ಶುರು ಮಾಡಿ. ಮೊದಲ ಎರಡು ವಾರ ಹುಡ್ ಮಡಚಲೇ ಇಲ್ಲ.

ದೂರುಗಳೂ ಇವೆ. ಕಿಟ್ಟಿನ ಗುಂಡಿಗಳ ಲೇಪ ಆರು ತಿಂಗಳಿಗೇ ಮಂಕಾಯಿತು, ಹಳೆಯ ಹುಡ್‌ನಿಂದ ಬಿಚ್ಚಿಟ್ಟಿದ್ದ ಮೂಲ ಗುಂಡಿಗಳನ್ನೇ ಮತ್ತೆ ಹಾಕಿದೆ. ಹಿಂದಿನ ಕಿಟಕಿಯ ಪಾರದರ್ಶಕ ಹಾಳೆ ಚಳಿಯಲ್ಲಿ ಮಡಚಿದರೆ ಸೀಳುವ ಜಾತಿಯದೇ. ಮಡಿಕೆಯ ನಡುವೆ ಮೆತ್ತನೆಯ ಬಟ್ಟೆ ಇಡದಿದ್ದರೆ ಗೀರು ಬೀಳುತ್ತದೆ, ಒಣ ಬಟ್ಟೆಯಿಂದ ಒರೆಸಿದರೂ ಗೀರು ಬೀಳುತ್ತದೆ, ಧಾರಾಳ ನೀರು ಬೇಕು. ಒದ್ದೆ ಹುಡ್ಡನ್ನು ಮಡಚಿಟ್ಟು ಮರೆತರೆ ಬೂಷ್ಟು ಹಿಡಿಯುತ್ತದೆ. ವಿನೈಲಿಗೆ ಆ ಗೋಳಿಲ್ಲ. ಕಾರನ್ನು ಬಯಲಿನಲ್ಲೇ ನಿಲ್ಲಿಸಿ, ಒರೆಸಲು ಪುರುಸೊತ್ತಿಲ್ಲದವರು ಒಳ್ಳೆಯ ವಿನೈಲ್ ಹಾಕಿಸುವುದೇ ಸರಿ. ಉಳಿದವರಿಗೆ ಕಣ್ಣು ಮುಚ್ಚಿ ಮೋಹೇರ್. ಗಾಳಿಯ ಸದ್ದು ಎಷ್ಟು ಕಡಿಮೆಯಾಗಿದೆಯೆಂದರೆ ಪಕ್ಕದಲ್ಲಿ ಕುಳಿತವರ ಮಾತು ಈಗ ಕೇಳಿಸುತ್ತದೆ.

ಮಿಕ್ಕ ಬದಲಾವಣೆಗಳಿಗೆ ನಾನು ಹಾಕಿಕೊಂಡ ನಿಯಮ ಒಂದೇ: ಮೂಲ ಬಾಡಿಯಲ್ಲಿ ಹೊಸ ತೂತು ಕೊರೆಯಬಾರದು, ಬಿಚ್ಚಿದ ಭಾಗವನ್ನು ಬಿಸಾಡಬಾರದು. ಡ್ಯಾಶ್‌ಬೋರ್ಡ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್ ಹಾಕಿಸುವಂತೆ ಬಹಳ ಜನ ಹೇಳಿದರು. ಒಪ್ಪಲಿಲ್ಲ. ಹಿಂದಿನ ಮಾಲೀಕರು ಹಾಕಿದ್ದ ಸಣ್ಣ ಸ್ಟೀರಿಂಗನ್ನು ತೆಗೆದು, ತಂತಿ ಕಡ್ಡಿಗಳ ದೊಡ್ಡ ಮೂಲ ಚಕ್ರವನ್ನೇ ಹುಡುಕಿ ಹಾಕಿದೆ. ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ನಿಲ್ಲಿಸುವಾಗ ಅದರ ಬೆಲೆ ತೋಳಿಗೆ ಗೊತ್ತಾಗುತ್ತದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಒಳ್ಳೆಯದು. ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತಿರುವ ಪಾಯಿಂಟ್ ತೆಗೆದು ಅದೇ ಜಾಗದಲ್ಲಿ ಕೂರಿಸುವ ಸಣ್ಣ ಮಾಡ್ಯೂಲ್, ಹೊರಗಿನಿಂದ ಕಾಣುವುದೂ ಇಲ್ಲ. ಪಾಯಿಂಟಿನ ಸಂದು 0.015 ಇಂಚು ಇದೆಯೇ ಎಂದು ಪದೇ ಪದೇ ನೋಡುವ ಕೆಲಸ ತಪ್ಪಿತು. ಆದರೆ 1967ಕ್ಕಿಂತ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕಟ್ಟಿರುತ್ತದೆ. ಇದನ್ನು ಮರೆತು ವೈರ್ ಅದಲು ಬದಲು ಮಾಡಿ ಮೊದಲ ಮಾಡ್ಯೂಲನ್ನು ನಾನೇ ಸುಟ್ಟೆ. ಕೊಳ್ಳುವಾಗ ನಿಮ್ಮ ಕಾರಿನ ಅರ್ಥ್, ಅಂದರೆ ಬಾಡಿಗೆ ಕಟ್ಟಿದ ಬ್ಯಾಟರಿ ತುದಿ, ಯಾವುದೆಂದು ಹೇಳಿ ಅದಕ್ಕೆ ತಕ್ಕದ್ದನ್ನೇ ಕೇಳಿ. ಹಳೆಯ ಪಾಯಿಂಟ್, ಕಂಡೆನ್ಸರ್ ಡಿಕ್ಕಿಯಲ್ಲಿರಲಿ.

ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಸನ್ನೆಗೆ ವಿದ್ಯುತ್ತನ್ನು ತಾನೇ ಹಾಯಿಸುವ ಸಾಧನ) ಹಾಕಿಸಿ, ಇದರಲ್ಲಿ ಎರಡನೆಯ ಮಾತಿಲ್ಲ. ನನ್ನ ಕಾರಿನ ಕಾಲದ ಎಂಜಿಬಿಯಲ್ಲಿ ಇಡೀ ಕಾರಿಗೆ ಎರಡೇ ಫ್ಯೂಸ್, ಹೆಡ್‌ಲೈಟಿಗೆ ಅದೂ ಇಲ್ಲ, ವಿದ್ಯುತ್ತೆಲ್ಲ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ರಿಲೇಯೂ ಫ್ಯೂಸೂ ಬಂದ ಮೇಲೆ ಬೆಳಕು ಹೆಚ್ಚಿತು, ಸ್ವಿಚ್ ಬಿಸಿಯಾಗುವುದು ನಿಂತಿತು.

ನನಗೆ ಒಗ್ಗದ್ದು ಮುಂದಿನ ಸಸ್ಪೆನ್ಷನ್ನಿನ ಪಾಲಿಯುರೆಥೇನ್ ಬುಷ್, ಅಂದರೆ ಕೀಲುಗಳಲ್ಲಿ ಕೂರಿಸುವ ಮೆತ್ತೆ. ಬಿರುಸು, ಜೊತೆಗೆ ಪ್ರತಿ ಉಬ್ಬಿಗೂ ಕಿರ್ರೆಂಬ ಸದ್ದು. ಅದನ್ನು ತೆಗೆದು 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8ರ ಮಾದರಿಯ, ಲೋಹದ ಕೊಳವೆಯಿರುವ ರಬ್ಬರ್ ಬುಷ್ ಹಾಕಿದೆ. ಹೆಚ್ಚು ಬಾಳಿಕೆ, ಸದ್ದಿಲ್ಲ, ಕಾರಿನ ನಡಿಗೆಯೂ ಹಾಳಾಗಲಿಲ್ಲ. ಬ್ರೇಕಿಗೆ ಹೊಸ ಹೋಸ್‌ಗಳು, ಎರಡೂ ಸೀಟಿಗೆ ಹೊಸ ಬೆಲ್ಟ್. ಅವುಗಳಿಗೆ ವಿಮರ್ಶೆ ಬೇಕಿಲ್ಲ, ಹಾಕಲೇಬೇಕು.

ಬಣ್ಣ ಇನ್ನೂ ಹೊಡೆಸಿಲ್ಲ. ಈಗ ಕಾರು ಕೆಂಪಗಿದೆ. ಆದರೆ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಒಂದು ಸ್ಕ್ರೂವಿನ ಅಡಿಯಲ್ಲಿ, ಉಗುರಿನಷ್ಟು ಜಾಗದಲ್ಲಿ, ತಿಳಿ ಬೆಣ್ಣೆಯಂಥ ಹಳದಿ ಕಂಡಿತು: ಪೇಲ್ ಪ್ರಿಮ್‌ರೋಸ್, ಕಾರ್ಖಾನೆಯಿಂದ ಹೊರಟಾಗಿನ ಬಣ್ಣ. ಕಪ್ಪು ಮೋಹೇರ್ ಆರಿಸುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಹಳದಿಯೇ. ಎಡ ಹಿಂಬದಿಯ ಕೊನೆಯ ಗುಂಡಿ ಇನ್ನೂ ಸ್ವಲ್ಪ ಬಿಗಿ. ಬಣ್ಣಕ್ಕೆಂದು ಹುಡ್ ಇಳಿಸಿದಾಗ ಅದೊಂದನ್ನು ಎರಡು ಮಿಲಿಮೀಟರ್ ಮುಂದಕ್ಕೆ ಸರಿಸುತ್ತೇನೆ.